ಆ ಫಾರ್ವರ್ಡ್ ಕಳಿಸ್ಬೇಡ
(ಲಾ ಕಾಲೇಜು ಹಳೇ ಬ್ಯಾಚಿನ ಗುಂಪು)

ರಾಘು: ↪ "ಮರುಮದುವೆಯಾದ ಗಂಡಸರೇ, ಗಮನಿಸಿ! ಮಾಜಿ ಹೆಂಡತಿಯೂ ಮದುವೆಯಾದರೆ ಮಗುವಿನ ಜೀವನಾಂಶ ತಾನಾಗಿ ರದ್ದು. ಇಂದೇ ಕೊಡುವುದು ನಿಲ್ಲಿಸಿ."
ನಮ್ಮ ಕಕ್ಷಿದಾರರಿಗೆ ಕಳಿಸಲಾ?

ಸುಮಾ: ಬೇಡ ಮಾರಾಯ. ರದ್ದಾಗೋದು ಅವಳ ಪಾಲು, ಮಗುವಿನದ್ದಲ್ಲ. ಜೀವನಾಂಶದ ಸೆಕ್ಷನ್ ಮೊದಲು ಸಿಆರ್‌ಪಿಸಿ (ಹಳೇ ದಂಡ ಪ್ರಕ್ರಿಯಾ ಸಂಹಿತೆ) 125, 2024ರ ಜುಲೈ 1ರಿಂದ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್ ಕಾನೂನಿನ 144. ಮರುಮದುವೆಯ ಷರತ್ತು ವಿಚ್ಛೇದಿತೆಗೆ ಇದೆ, ಮಗುವಿಗೆ ಎಲ್ಲಿದೆ ತೋರ್ಸು.

ರಾಘು: ಸರಿ, ಮರುಮದುವೆಯಾದ ಗಂಡಸಿನ ಈಗಿನ ಹೆಂಡತಿ, ಮಗು ಏನು ಗಾಳಿ ತಿಂದು ಬದುಕ್ಬೇಕಾ?

ಫಕೀರಪ್ಪ: ಅದನ್ನೂ ಕೋರ್ಟು ನೋಡುತ್ತೆ, ಆದ್ರೆ ಸ್ವಲ್ಪವೇ. 2017ರ ಕಲ್ಯಾಣ್ ಡೇ ಚೌಧರಿ ಕೇಸು ನೆನಪಿದೆಯಾ? ತಾಯಿ, ಮಗ ಇಬ್ಬರಿಗೂ ಸೇರಿ ಹೈಕೋರ್ಟು 16,000 ಇದ್ದದ್ದನ್ನು 23,000 ಮಾಡಿತ್ತು. ಗಂಡನಿಗೆ ಎರಡನೇ ಮದುವೆ, ಮಗು ಇದೆ ಅಂತ ಸುಪ್ರೀಂ ಕೋರ್ಟು 20,000ಕ್ಕೆ ಇಳಿಸ್ತು. ಗಂಡನ ನಿವ್ವಳ ಸಂಬಳದ ಶೇ 25 ಅನ್ನೋ ಮಾತೂ ಅದರಲ್ಲೇ ಇದೆ. ಅದನ್ನೇ ಸೂತ್ರ ಅಂದ್ಕೊಂಡು ವಾದ ಮಾಡೋರು ಜಾಸ್ತಿ ಆಗಿದ್ದಾರೆ.

ಮಂಜುಳಾ: ಮಾಜಿ ಹೆಂಡತಿ ಜಾಸ್ತಿ ಕೇಳ್ತಾಳೆ, ಇವನು ಸ್ಕೂಲ್ ಫೀಸು ತಾನೇ ಕಟ್ಟಿ ತಿಂಗಳ ದುಡ್ಡಲ್ಲಿ ಮುರ್ಕೊಳ್ತಾನೆ. ಇಂಥದ್ದೇ ಹೆಚ್ಚು.

ಸುಮಾ: ಎಡವೋದೇ ಅಲ್ಲಿ. ಆದೇಶದಲ್ಲಿ "ತಿಂಗಳಿಗೆ ಇಷ್ಟು" ಅಂತಿದ್ರೆ, ಫೀಸು ಕಟ್ಟಿದ್ದು ಅದರಲ್ಲಿ ತಾನಾಗಿ ಕಳೆದುಹೋಗಲ್ಲ. ಕಳೀಬೇಕಂದ್ರೆ ಆದೇಶದಲ್ಲೇ ಬರೆಸ್ಕೋಬೇಕು. ನಗದು ಬೇಡವೇ ಬೇಡ. ಬ್ಯಾಂಕಿಂದಲೇ ಕಳಿಸಿ, ರಿಮಾರ್ಕ್ಸಲ್ಲಿ ಮಗುವಿನ ಹೆಸರು, ಯಾವ ತಿಂಗಳದ್ದು ಅಂತ ಹಾಕ್ಲಿ.

ರಾಘು: ಮಗೂನ ನೋಡೋಕೇ ಬಿಡಲ್ಲ ಅಂದ್ರೆ? ಆಗ್ಲೂ ಕೊಡ್ಬೇಕಾ?

ಫಕೀರಪ್ಪ: ಕೊಡ್ಬೇಕು. ಭೇಟಿಗೆ ಬೇರೆ ಅರ್ಜಿ. ನಿಲ್ಲಿಸಿದ್ರೆ ವಾರಂಟ್, ಬಾಕಿ ಇರೋ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಜೈಲು, ಹೋಗಿ ಬಂದ್ರೂ ಸಾಲ ಹಾಗೇ ಇರುತ್ತೆ. ವಾರಂಟ್ ಅರ್ಜಿ ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಹಾಕ್ಬೇಕು ಅನ್ನೋದು ಅವಳ ಕಡೆಯವರಿಗೂ ಮರೆತುಹೋಗುತ್ತೆ. ಸಿವಿಲ್ ಕೋರ್ಟಿನ ಜೀವನಾಂಶದ ಡಿಕ್ರಿ (ತೀರ್ಪಿನ ಆದೇಶ) ಆದ್ರೆ ಇನ್ನೂ ಕಷ್ಟ: ಸಂಬಳದ ಮೂರನೇ ಒಂದು ಪಾಲಿಗೆ ಮಾತ್ರ ರಕ್ಷಣೆ, ಉಳಿದದ್ದು ಜಪ್ತಿಗೆ ಸಿಗುತ್ತೆ.

ಸುಮಾ: ದಾರಿ ಒಂದೇ. ಬಿಎನ್‌ಎಸ್‌ಎಸ್ 146ರಡಿ ಮೊತ್ತ ಬದಲಿಸೋಕೆ ಅರ್ಜಿ, ಬಾಕಿ ಬೆಳೆಯೋ ಮುಂಚೆ. 2020ರ ಸುಪ್ರೀಂ ಕೋರ್ಟಿನ ರಜ್ನೇಶ್–ನೇಹಾ ತೀರ್ಪಿನ ನಮೂನೆಯಲ್ಲಿ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಇಬ್ಬರೂ ಹಾಕ್ಬೇಕು. ಸಂಬಳದ ಚೀಟಿ, ತೆರಿಗೆ ರಿಟರ್ನ್, ಹೊಸ ಮಗುವಿನ ಖರ್ಚು, ಎಲ್ಲ ಲಗತ್ತಿಸ್ಲಿ. ಕಾರಿನ ಇಎಂಐ ತೋರ್ಸಿ ಕಡಿಮೆ ಮಾಡಿ ಅಂದ್ರೆ ಜಡ್ಜ್ ಮುಖ ನೋಡೋ ಹಾಗಿರಲ್ಲ.

ಮಂಜುಳಾ: ಈಗಿನ ಹೆಂಡತಿ ಸಂಬಳ?

ಫಕೀರಪ್ಪ: ಮಲಮಗುವಿಗೆ ಅವಳು ಕೊಡ್ಬೇಕು ಅಂತ 144 ಹೇಳಲ್ಲ. ಆದ್ರೂ ಜಂಟಿ ಖಾತೆಗೆ ಅವಳ ಸಂಬಳ ಹಾಕಿಸ್ಬೇಡಿ. ಜಪ್ತಿ ಬಂದಾಗ ಯಾವ ದುಡ್ಡು ಯಾರದು ಅಂತ ಬಿಡಿಸಿ ತೋರ್ಸೋದು ತಲೆನೋವು.

ರಾಘು: ಫಾರ್ವರ್ಡ್ ಡಿಲೀಟ್ ಮಾಡ್ದೆ. ಮಾಜಿ ಹೆಂಡತಿಗೇ ಇವನಿಗಿಂತ ಜಾಸ್ತಿ ಸಂಬಳ ಇದ್ರೆ?

ಸುಮಾ: ಆಗ ಮಗುವಿನ ಖರ್ಚು ಆದಾಯಕ್ಕೆ ತಕ್ಕ ಹಾಗೆ ಇಬ್ಬರಿಗೂ ಹಂಚಬಹುದು, ಅದೇ ರಜ್ನೇಶ್ ತೀರ್ಪಲ್ಲಿದೆ. ಅವಳ ಅಫಿಡವಿಟ್ ಮೊದಲು ತರಿಸ್ಕೋ.