ಅಜ್ಜನ ವಾಲ್ವ್ ರೇಡಿಯೋ: ಯಾವ ಕೆಪಾಸಿಟರ್ ಮೊದಲು ಬದಲಿಸಲಿ?

ಪ್ರಶ್ನೆ (ಬಾಗಲಕೋಟೆ): ನಮ್ಮಜ್ಜ ಇದರಲ್ಲೇ ಧಾರವಾಡ ಆಕಾಶವಾಣಿ ಕೇಳುತ್ತಿದ್ದರು, 765 ಕಿಲೋಹರ್ಟ್ಸ್. ಈಗ ಹಚ್ಚಿದರೆ ಬರೀ ಗುಂಯ್ ಸದ್ದು. ಸ್ಪೀಕರ್ ಓಡಿಸುವ ಇಎಲ್84 ವಾಲ್ವ್ ಒಳಗೆ ಕೆಂಪಗೆ ಕಾಯುತ್ತದೆ. ಪೇಪರ್ ಕೆಪಾಸಿಟರ್‌ಗಳಿಂದ ಮೇಣ ಸೋರಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ವಿಜಯಪುರ): ತಮ್ಮಾ, ಮೊದಲು ಪ್ಲಗ್ ಕೀಳು. ಆ ವಾಲ್ವಿನ ಗ್ರಿಡ್‌ಗೆ (ಕರೆಂಟ್ ಹತೋಟಿಯಲ್ಲಿಡುವ ಒಳಗಿನ ಜಾಲರಿ) ಹೋಗುವ 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ಲೀಕ್ ಆಗಿರಬೇಕು. ಗ್ರಿಡ್‌ಗೆ ಪಾಸಿಟಿವ್ ವೋಲ್ಟೇಜ್ ಬಂದರೆ ವಾಲ್ವ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಅದರಿಂದ ಸ್ಪೀಕರ್‌ಗೆ ಜೋಡಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅಂಥದ್ದು ಸಿಗೋದು ಕಷ್ಟ, ಅಲ್ವಾ? 630 ವೋಲ್ಟಿನ ಪಾಲಿಯೆಸ್ಟರ್ ಹಾಕು. ಗುಂಯ್ ಸದ್ದಿಗೆ ಫಿಲ್ಟರ್ ಕೆಪಾಸಿಟರ್, ಅಂದರೆ ಪವರ್ ಸಪ್ಲೈನ ಏರಿಳಿತ ತಗ್ಗಿಸುವುದು, ಬದಲಿಸು. ಹಳೆಯದು 50 ಇದ್ದರೆ 47 ಮೈಕ್ರೋಫ್ಯಾರಡ್, 450 ವೋಲ್ಟ್ ಸಾಕು. ಮೈಕಾ ಕೆಪಾಸಿಟರ್‌ಗಳನ್ನು ಸುಮ್ನೆ ಮುಟ್ಟಬೇಡ.

ಉತ್ತರ (ಬೆಳಗಾವಿ): ಪ್ಲಗ್ ಕಿತ್ತ ಮೇಲೂ ಫಿಲ್ಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ರೆಸಿಸ್ಟರ್ ಇಟ್ಟು ಇಳಿಸಿ, ಮೀಟರ್‌ನಲ್ಲಿ ನೋಡಿ. ಮತ್ತೆ ಹಚ್ಚುವಾಗ 60 ವ್ಯಾಟ್ ಹಳೇ ಕಾಲದ ತಂತಿ ಬಲ್ಬ್ ರೇಡಿಯೋ ಜೊತೆ ಸೀರೀಸ್‌ನಲ್ಲಿ (ಕರೆಂಟ್ ಅದರ ಮೂಲಕವೇ ಹೋಗುವಂತೆ) ಇರಲಿ.

ಬಾಗಲಕೋಟೆ: ಕಾಕಾ, ಗ್ರಿಡ್ ಕೆಪಾಸಿಟರ್ ಬದಲಿಸಿದೆ. ವಾಲ್ವ್ ಈಗ ಕೆಂಪಾಗುತ್ತಿಲ್ಲ! ಭಾನುವಾರ ಫಿಲ್ಟರ್ ಕೆಲಸ.