0402 ಸೈಜಿನ ಪುಟಾಣಿ ರೆಸಿಸ್ಟರ್ ಎದ್ದು ನಿಲ್ತಿದೆ, ಪಕ್ಕದ್ದು ತಾನಾಗೇ ನೆಟ್ಟಗಾಗ್ತಿದೆ, ಏನಿದು?

ಹಾಸನದ_ಬೋರ್ಡು:
ಎಲ್ರಿಗೂ ನಮಸ್ಕಾರ. ಮೊದಲ್ನೇ ಸಲ ಹಾಟ್ ಪ್ಲೇಟ್ ಮೇಲೆ ಎಸ್‌ಎಂಡಿ ಬೋರ್ಡ್ (ಪಾರ್ಟುಗಳನ್ನ ಬೋರ್ಡಿನ ಮೇಲ್ಮೈಗೇ ಬೆಸೆಯೋ ತರದ್ದು) ಮಾಡಿದೆ, 63/37 (ತವರ/ಸೀಸ) ಸೋಲ್ಡರ್ ಪೇಸ್ಟು, ಪೇಸ್ಟ್ ಬಳಿಯೋ ತೂತಿನ ಸ್ಟೆನ್ಸಿಲ್ ಇಲ್ಲ, ಸಿರಿಂಜಲ್ಲೇ ಹಾಕಿದ್ದು. ಕೈ ನಡುಗಿ ಸುಮಾರು ಕೆಪಾಸಿಟರ್ ಸೊಟ್ಟಗೆ ಕೂತಿದ್ವು, ಪೇಸ್ಟ್ ಕರಗಿದ ತಕ್ಷಣ ಯಾರೋ ಬೆರಳಲ್ಲಿ ಸರಿಸಿದ ಹಾಗೆ ಪಟಕ್ಕಂತ ನೆಟ್ಟಗಾಗ್ಬಿಟ್ವು, ನಾನು ಉಸಿರು ಬಿಡದೆ ನೋಡ್ತಾ ಕೂತಿದ್ದೆ. ಆದ್ರೆ 40 ರೆಸಿಸ್ಟರಲ್ಲಿ 6 ಒಂದು ತುದಿ ಮೇಲೆ ಎದ್ದು ನಿಂತ್ಕೊಂಡ್ವು. ಒಂದನ್ನ ಸರಿ ಮಾಡೋ ಸೋಲ್ಡರ್ ಇನ್ನೊಂದನ್ನ ಯಾಕೆ ಎಬ್ಬಿಸತ್ತೆ? ಇನ್ನೊಂದು, ಪಾರ್ಟು ಟ್ವೀಜರ್ ತುದಿಗೆ ಅಂಟ್ಕೊಂಡ್ರೆ ಬಿಡೋದೇ ಇಲ್ಲ, ಇದಕ್ಕೇನ್ ಮಾಡ್ತೀರಿ?

ರೀಫ್ಲೋ_ರಂಗಣ್ಣ:
ಎರಡೂ ಮಾಡಿದ್ದು ಸರ್ಫೇಸ್ ಟೆನ್ಷನ್ನೇ (ದ್ರವದ ಮೇಲ್ಮೈ ಎಳೆತ) ತಮ್ಮಾ. ನಾನು ಎಸ್‌ಎಂಟಿ ಲೈನಲ್ಲಿ (ಫ್ಯಾಕ್ಟರೀಲಿ ಇಂಥ ಬೋರ್ಡ್ ಜೋಡಿಸೋ ಕಡೆ) ಹನ್ನೊಂದು ವರ್ಷದಿಂದ ಇದೀನಿ, ಎದ್ದು ನಿಲ್ಲೋದಕ್ಕೆ ಟೂಂಬ್‌ಸ್ಟೋನ್ ಅಂತೀವಿ. ಲೆಕ್ಕ ಹಾಕಿ ನೋಡು, ಕರಗಿದ ಸೋಲ್ಡರ್ ಮೀಟರಿಗೆ 0.4ರಿಂದ 0.5 ನ್ಯೂಟನ್ ಎಳೆಯತ್ತೆ, 0402 ಪಾರ್ಟಿನ ಅಗಲ 0.5 ಮಿ.ಮೀ., ಅಂದ್ರೆ ಒಂದು ತುದಿಯಲ್ಲಿ ಸುಮಾರು 0.2 ಮಿಲಿನ್ಯೂಟನ್. ಪಾರ್ಟಿನ ತೂಕ 1 ಮಿಲಿಗ್ರಾಂ ಕೂಡ ಇಲ್ಲ, 0.01 ಮಿಲಿನ್ಯೂಟನ್ ಅಂತಿಟ್ಕೋ. ಎಳೆತ ತೂಕಕ್ಕಿಂತ ಏನಿಲ್ಲಾ ಅಂದ್ರೂ 20 ಪಟ್ಟು! ಎರಡೂ ತುದಿ ಒಟ್ಟಿಗೆ ಕರಗಿದ್ರೆ ಎರಡೂ ಕಡೆ ಎಳೆದಾಡಿ ಮಧ್ಯಕ್ಕೆ ತಂದು ಕೂರಿಸತ್ತೆ, ಒಂದು ತುದಿ ಅರ್ಧ ಸೆಕೆಂಡ್ ಮುಂಚೆ ಕರಗಿದ್ರೂ ಸಾಕು, ಆ ಕಡೆ ಎಳೆದು ಎತ್ತಿ ನಿಲ್ಲಿಸ್ಬಿಡತ್ತೆ. ನಿನ್ನ ಆ 6 ರೆಸಿಸ್ಟರ್ ನೋಡು, ಒಂದು ಕಾಲು ಗ್ರೌಂಡಿಗೆ ಹೋಗಿದ್ಯಾ? ಅಲ್ಲಿ ತಾಮ್ರ ಜಾಸ್ತಿ ಇರೋದ್ರಿಂದ ಶಾಖ ಕುಡಿಯತ್ತೆ, ತಡವಾಗಿ ಕರಗತ್ತೆ.

ಹಾಸನದ_ಬೋರ್ಡು:
ಅಣ್ಣಾ ಆರೂ ಗ್ರೌಂಡಿಗೇ ಹೋಗಿರೋವು!! ಪಾರ್ಟಿನ ತುದಿ ಕೂರೋ ಪ್ಯಾಡನ್ನ ನೇರವಾಗಿ ಗ್ರೌಂಡ್ ತಾಮ್ರಕ್ಕೇ ಸೇರಿಸಿಬಿಟ್ಟಿದೀನಿ. ಬೋರ್ಡ್ ಇನ್ನೂ ನಾಲ್ಕು ಉಳಿದಿವೆ, ಬಿಸಾಕಬೇಕಾ?

ರೀಫ್ಲೋ_ರಂಗಣ್ಣ:
ಬಿಸಾಕ್ಬೇಡ. ಪೇಸ್ಟ್ 183 ಡಿಗ್ರಿಗೆ ಕರಗತ್ತೆ, ಅದಕ್ಕೆ ಮುಂಚೆ 150ರ ಹತ್ರ ಒಂದು ಒಂದೂವರೆ ನಿಮಿಷ ನಿಲ್ಸು, ಬೋರ್ಡೆಲ್ಲ ಒಂದೇ ಸಮ ಕಾಯ್ಲಿ, ಆಮೇಲೆ ಮೇಲಕ್ಕೆ ಏರ್ಸು. ಎರಡೂ ಪ್ಯಾಡಿಗೆ ಅಷ್ಟಷ್ಟೇ ಪೇಸ್ಟ್ ಹಾಕು. ಮುಂದಿನ ಡಿಸೈನಲ್ಲಿ ಗ್ರೌಂಡ್ ಪ್ಯಾಡಿಗೆ ಥರ್ಮಲ್ ರಿಲೀಫ್ ಕೊಡು, ಸಣ್ಣ ಸಣ್ಣ ಗೆರೆಯಲ್ಲಿ ಮಾತ್ರ ತಾಮ್ರಕ್ಕೆ ಸೇರೋ ತರ, ಪ್ಯಾಡ್ ಎರಡೂ ಒಂದೇ ಅಳತೆ ಇರ್ಲಿ.

ಕಡಲ್ಬದಿ_ಸೋಲ್ಡರ್:
ಟ್ವೀಜರಿಗೆ ಅಂಟುದಕ್ಕೆ ಒಂದು ಉಪಾಯ ಉಂಟು ಮಾರಾಯ್ರೆ. ತುದಿಯಲ್ಲಿ ಪೇಸ್ಟಿನಲ್ಲಿರುವ ಅಂಟಂಟು ಫ್ಲಕ್ಸ್ ಮೆತ್ತಿಕೊಂಡಿರ್ತದೆ, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಆಗಾಗ ಒರೆಸಿ. ನಾನಂತೂ ತೀರಾ ಸಣ್ಣದಕ್ಕೆ ಟ್ವೀಜರೇ ಮುಟ್ಟುದಿಲ್ಲ, ಹಲ್ಲುಕಡ್ಡಿಯ ತುದಿ ಸ್ವಲ್ಪ ಒದ್ದೆ ಮಾಡಿ ಪಾರ್ಟಿನ ಬೆನ್ನಿಗೆ ಮುಟ್ಟಿಸುದು, ನೀರಿನ ಪಸೆಗೆ ಅಂಟಿಕೊಂಡು ಬರ್ತದೆ, ಪೇಸ್ಟಿನ ಮೇಲೆ ಇಟ್ಟು ಕಡ್ಡಿ ಓರೆ ಮಾಡಿ ಎತ್ತಿದರೆ ಆಯ್ತು, ಪೇಸ್ಟಿನ ಅಂಟು ನೀರಿಗಿಂತ ಜೋರು, ಪಾರ್ಟು ಅಲ್ಲೇ ಉಳೀತದೆ. ನೀರು ಹನಿ ಆಗುವಷ್ಟು ಬೇಡ, ಪಸೆ ಸಾಕು.

ಹನಿ_ಲ್ಯಾಬ್:
ಸೈಜು ಚಿಕ್ಕದಾದಷ್ಟೂ ತೂಕದ ಮುಂದೆ ಈ ಎಳೆತ ಯಾಕೆ ಜೋರಾಗತ್ತೆ ಅಂದ್ರೆ, ವಸ್ತುವನ್ನ ಎಲ್ಲಾ ಕಡೆಯಿಂದ 10 ಪಟ್ಟು ಚಿಕ್ಕದು ಮಾಡಿದ್ರೆ ತೂಕ 1000 ಪಟ್ಟು ಇಳಿಯತ್ತೆ, ಸರ್ಫೇಸ್ ಟೆನ್ಷನ್ ಎಳೆತ ಬರೀ 10 ಪಟ್ಟು ಇಳಿಯತ್ತೆ. ಅಕ್ಕಿ ತೊಳೆಯೋವಾಗ ತೇಲೋ ಹೊಟ್ಟು ಒಂದಕ್ಕೊಂದು ಕೂಡ್ಕೊಂಡು ಪಾತ್ರೆ ಅಂಚಿಗೆ ಹೋಗತ್ತಲ್ಲ, ಅದನ್ನ ಎಳೆಯೋದೂ ನೀರಿನ ಮೇಲ್ಮೈನೇ. ಐಬಿಎಂನೋರು 1960ರ ದಶಕದಲ್ಲೇ ಚಿಪ್ಪನ್ನ ಬೋರಲು ಹಾಕಿ ಸೋಲ್ಡರ್ ಗುಂಡಿನ ಮೇಲೆ ಕೂರಿಸೋದು ಶುರು ಮಾಡಿದ್ರು, ಅಡಿಯಲ್ಲಿ ಸೋಲ್ಡರ್ ಗುಂಡುಗಳಿರೋ ಇವತ್ತಿನ ಬಿಜಿಎ ಚಿಪ್ಪುಗಳೂ ಸ್ವಲ್ಪ ಸರಿದಿದ್ರೆ ಹೀಗೇ ತಾವಾಗೇ ಮಧ್ಯಕ್ಕೆ ಬರ್ತವೆ. ನನಗೆ ತುಂಬಾ ಇಷ್ಟವಾದ್ದು ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಕೆಲಸ, ನೀರು ಹಿಡಿಯೋ ಒಂದು ಚೌಕ, ಸುತ್ತ ನೀರು ಒಲ್ಲದ ಜಾಗ, ಚೌಕದ ಮೇಲೊಂದು ಹನಿ, ಹನಿ ಮೇಲೆ ಚಿಪ್ಪು. ಬಿಟ್ಟ ಕೂಡ್ಲೇ ಚಿಪ್ಪು ಜಾರಿ ಅಂಚಿಗೆ ಅಂಚು ಹೊಂದಿಸ್ಕೊಳತ್ತೆ, ಮೈಕ್ರಾನ್ ಲೆಕ್ಕದ ನಿಖರತೆ, ಆಮೇಲೆ ನೀರು ಆವಿಯಾಗಿ ಹೋಗತ್ತೆ. ಬಲವಂತವಾಗಿ ಒತ್ತೋದೇ ಇಲ್ಲ ನೋಡಿ!

ಹಾಸನದ_ಬೋರ್ಡು:
ಅಪ್‌ಡೇಟ್. ರಂಗಣ್ಣ ಹೇಳಿದ ಹಾಗೆ 150ರಲ್ಲಿ ನಿಲ್ಲಿಸಿ ಎರಡನೇ ಬೋರ್ಡ್ ಮಾಡಿದೆ, 40ರಲ್ಲಿ ಒಂದೇ ಒಂದು ಎದ್ದಿದ್ದು, ಅದೂ ನಾನು ಒಂದು ಕಡೆ ಪೇಸ್ಟ್ ಜಾಸ್ತಿ ಹಾಕಿದ್ದ ಜಾಗ. ಹಲ್ಲುಕಡ್ಡಿ ಸೂಪರ್, ತುಂಬಾ ಥ್ಯಾಂಕ್ಸ್. ಈಗ ಕಾಲಿಲ್ಲದ, ಅಡಿಯಲ್ಲೇ ಪ್ಯಾಡ್ ಇರೋ ಕ್ಯೂಎಫ್‌ಎನ್ ಚಿಪ್ ಒಂದು ದೋಣಿ ತರ ಒಂದ್ಕಡೆ ವಾಲ್ಕೊಂಡು ಕೂತಿದೆ.

ರೀಫ್ಲೋ_ರಂಗಣ್ಣ:
ನಡುವಿನ ದೊಡ್ಡ ಪ್ಯಾಡಿಗೆ ಪೇಸ್ಟ್ ತುಂಬಿಸಿದೀಯ, ಚಿಪ್ಪು ತೇಲ್ತಿದೆ. ಪೂರ್ತಿ ಬಳೀಬೇಡ, ನಾಲ್ಕು ಸಣ್ಣ ಚುಕ್ಕೆ ಬೇರೆ ಬೇರೆಯಾಗಿ ಇಡು, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜಾಗ ಮುಚ್ಚಿದ್ರೆ ಸಾಕು. ಫೋಟೋ ಹಾಕು ನೋಡೋಣ.