ಫೌಲ್ ಕೊಟ್ಟ ಮೇಲೆ ರೆಫರಿ ಎಲ್ಲಿ ನಿಲ್ಲಬೇಕು?

ಪ್ರಶ್ನೆ (ಹೊಸ ರೆಫರಿ, ದಾವಣಗೆರೆ): ಸರ್, ನಮಸ್ಕಾರ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಈ ವರ್ಷವಷ್ಟೇ ಸೀಟಿ ಹಿಡಿದವನು ನಾನು. ಹೋದ ವಾರ ಒಂದು ಕಾಲೇಜು ಪಂದ್ಯದಲ್ಲಿ ನೀಲಿ ತಂಡದ 21ನೇ ನಂಬರಿಗೆ ಫೌಲ್ ಕೊಟ್ಟೆ. ಓಡುತ್ತಲೇ ಸ್ಕೋರ್ ಬರೆಯುವವರ ಟೇಬಲ್ ಕಡೆ ಕೈ ಎತ್ತಿ, ಎಡಗೈಯಲ್ಲಿ ಎರಡು ಬೆರಳು, ಬಲಗೈಯಲ್ಲಿ ಒಂದು ತೋರಿಸಿದೆ. ಅವರು 12 ಅಂತ ಬರೆದುಕೊಂಡರು. ಅದು 12ರ ಐದನೇ ಫೌಲ್! ಏನೂ ಮಾಡದ ಹುಡುಗ ಹೊರಗೆ ಹೋದ, ಕೋಚ್ ನನ್ನ ಮೈಮೇಲೆ ಬಂದರು. ತಪ್ಪು ಯಾರದು ಸರ್?

ಉತ್ತರ (ಹಿರಿಯ ರೆಫರಿ): ಬೇಜಾರು ಮಾಡ್ಕೋಬೇಡಿ, ತಪ್ಪು ನಿಮ್ಮದೇ. ಎದುರು ಕೂತವರಿಗೆ ನಿಮ್ಮ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ನೀವು 21 ತೋರಿಸಿದಿರಿ, ಅವರು ಓದಿದ್ದು 12. ಪಾಪ, ಅವರೇನು ಮಾಡ್ತಾರೆ?

ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ಪದ್ಧತಿಯಲ್ಲಿ ಇದಕ್ಕೆ ದಾರಿ ಇದೆ. 16ರಿಂದ ಮೇಲಿನ ನಂಬರನ್ನು ಎರಡು ಸಲ ತೋರಿಸಬೇಕು. ಮೊದಲು ಕೈಯ ಹಿಂಬದಿ ಟೇಬಲ್ ಕಡೆ ಇಟ್ಟು ಹತ್ತರ ಅಂಕಿ. ಆಮೇಲೆ ಅಂಗೈ ತೋರಿಸಿ ಬಿಡಿ ಅಂಕಿ. 21 ಅಂದರೆ ಹಿಂಗೈಯಲ್ಲಿ ಎರಡು, ನಂತರ ಅಂಗೈಯಲ್ಲಿ ಒಂದು. 12ಕ್ಕೆ ಬಲಗೈ ಮುಷ್ಟಿ, ಎಡಗೈಯಲ್ಲಿ ಎರಡು ಬೆರಳು, ಎರಡೂ ಒಟ್ಟಿಗೆ. ಹೀಗೆ ತೋರಿಸಿದರೆ ಇವೆರಡು ಅದಲುಬದಲಾಗಲು ಸಾಧ್ಯವೇ ಇಲ್ಲ. ಜೊತೆಗೆ ಬಾಯಲ್ಲೂ ಹೇಳಿ: "ಬ್ಲೂ, ಟ್ವೆಂಟಿ ಒನ್".

ಇನ್ನೊಂದು ಮಾತು. ಸ್ಕೋರ್‌ಶೀಟಿನಲ್ಲಿ ಫೌಲ್ ತಪ್ಪಾಗಿ ಬಿದ್ದಿದ್ದರೆ ಕ್ರೂ ಚೀಫ್ (ಪಂದ್ಯದ ಮುಖ್ಯ ರೆಫರಿ) ಸಹಿ ಹಾಕುವವರೆಗೂ ತಿದ್ದಬಹುದು. ಆ ಕೋಚ್‌ಗೆ ಅಲ್ಲೇ ಹೀಗೆ ಹೇಳಿದ್ದರೆ ಅರ್ಧ ಜಗಳ ಕಡಿಮೆಯಾಗುತ್ತಿತ್ತು.

ಈಗ ಕಾಲಿನ ವಿಷಯ. ನಿಮ್ಮ ಕೈಗಿಂತ ಜಾಸ್ತಿ ತೊಂದರೆ ಕೊಟ್ಟಿದ್ದು ಕಾಲು. ಸೀಟಿ ಊದಿ ಮುಷ್ಟಿ ಮೇಲೆತ್ತಿದ ತಕ್ಷಣ ಟೇಬಲ್ ಕಡೆ ಹಾರಬೇಡಿ. ಒಂದೆರಡು ಕ್ಷಣ ಅಲ್ಲೇ ಇರಿ. ಬಿದ್ದವನು ಎದ್ದನಾ, ಯಾರಾದರೂ ಯಾರನ್ನಾದರೂ ತಳ್ಳುತ್ತಿದ್ದಾರಾ, ನೋಡಿ. ಫೌಲ್ ಆದ ಮೇಲಿನ ಆ ಎರಡು ಸೆಕೆಂಡಿನಲ್ಲೇ ಹೊಡೆದಾಟ ಶುರುವಾಗುವುದು. ಆಮೇಲೆ ಆಟಗಾರರ ಗುಂಪಿನ ನಡುವೆ ನುಗ್ಗದೆ, ಸುತ್ತಿಕೊಂಡು ಹೊರಗೆ ಬನ್ನಿ.

ಟೇಬಲ್‌ನಿಂದ ಆರರಿಂದ ಎಂಟು ಮೀಟರ್ ದೂರದಲ್ಲಿ ನಿಲ್ಲಿ. ಕೋರ್ಟಿನ ಅಗಲ 15 ಮೀಟರ್, ಹಾಗಾಗಿ ಹೆಚ್ಚುಕಡಿಮೆ ಅರ್ಧಕ್ಕೆ ಬಂದರೆ ಸಾಕು. ನಿಮ್ಮ ಮತ್ತು ಸ್ಕೋರರ್ ನಡುವೆ ಯಾರೂ ಇರಬಾರದು. ಎರಡೂ ಪಾದ ನೆಲಕ್ಕೆ ಊರಿ, ಉಸಿರು ಎಳೆದುಕೊಳ್ಳಿ. ಆಮೇಲೆ ನಂಬರ್, ಎಂಥ ಫೌಲ್, ಮುಂದೇನು: ಈ ಮೂರನ್ನೂ ಇದೇ ಕ್ರಮದಲ್ಲಿ ತೋರಿಸಿ. ಮುಂದೇನು ಅಂದರೆ ಎಷ್ಟು ಫ್ರೀ ಥ್ರೋ (ಫೌಲಿಗೆ ಸಿಗುವ ತಡೆಯಿಲ್ಲದ ಎಸೆತ) ಅಂತ ಬೆರಳು, ಇಲ್ಲವಾದರೆ ಆಟ ಯಾವ ಕಡೆಗೆ ಅನ್ನುವುದು.

ಪ್ರಶ್ನೆ (ಅದೇ ಹೊಸಬ): ಅಷ್ಟು ದೂರದಿಂದ ಟೇಬಲ್‌ಗೆ ಕೇಳಿಸುತ್ತಾ ಸರ್? ಹತ್ತಿರ ಹೋದರೆ ಒಳ್ಳೆಯದಲ್ವಾ?

ಉತ್ತರ (ಹಿರಿಯ ರೆಫರಿ): ಹತ್ತಿರ ಯಾರಿದ್ದಾರೆ ನೋಡಿ. ಎರಡೂ ತಂಡದ ಬೆಂಚು ಟೇಬಲ್ ಬದಿಯಲ್ಲೇ. ಮೂಗಿನ ಹತ್ತಿರ ಹೋಗಿ ನಿಂತರೆ ಕೋಚ್‌ಗೆ ನೀವೇ ಕರೆದು ಜಗಳ ಕೊಟ್ಟ ಹಾಗೆ. ದೂರ ಇದ್ದರೆ ಸ್ಕೋರರ್‌ಗೆ ನಿಮ್ಮ ಇಡೀ ಮೈ ಕಾಣುತ್ತದೆ, ಸೊಂಟದ ಮೇಲೆ ಕೈಯಿಟ್ಟು ಬ್ಲಾಕಿಂಗ್ (ದಾರಿಗೆ ಅಡ್ಡ ಬಂದ ಫೌಲ್) ತೋರಿಸಿದರೂ ಗೊತ್ತಾಗುತ್ತದೆ.

ಪ್ರಶ್ನೆ (ಸ್ಕೋರರ್, ಮೈಸೂರು): ಟೇಬಲ್ ಪರವಾಗಿ ನಾನೂ ಒಂದು ಹೇಳಲಾ? ತೋರಿಸಿದವರು ನಮ್ಮ ಮುಖವನ್ನೂ ನೋಡದೆ ತಿರುಗಿ ಓಡುತ್ತಾರೆ. ನಾವು ಪೆನ್ನು ಹಿಡಿದು ಯಾವ ನಂಬರ್ ಅಂತ ಯೋಚಿಸುತ್ತಾ ಕೂತಿರ್ತೀವಿ.

ಉತ್ತರ (ಹಿರಿಯ ರೆಫರಿ): ಸರಿಯಾಗಿ ಹೇಳಿದಿರಿ ಮೇಡಂ. ಟೇಬಲ್‌ನಿಂದ ಆ ಆಟಗಾರನ ಫೌಲ್ ಎಷ್ಟಾಯಿತು ಅಂತ ಬೋರ್ಡ್ ಎತ್ತುತ್ತಾರೆ. ಅದನ್ನು ಒಂದು ಕ್ಷಣ ನೋಡಿಯೇ ತಿರುಗಬೇಕು. ಇವರು ಅಂದು ನೋಡಿದ್ದರೆ, ಐದು ಅಂತ ಬಂದಾಗಲೇ ಅನುಮಾನ ಬರುತ್ತಿತ್ತು.

ಪ್ರಶ್ನೆ (ಕಾಲೇಜು ಆಟಗಾರ): ರಿಪೋರ್ಟ್ ಮಾಡುವಾಗ ಇನ್ನೊಬ್ಬ ರೆಫರಿ ಸುಮ್ನೆ ನಿಂತಿರ್ತಾರಾ?

ಉತ್ತರ (ಹಿರಿಯ ರೆಫರಿ): ನಿಂತಿರ್ತಾರೆ, ಆದರೆ ಸುಮ್ನೆ ಅಲ್ಲ! ಟೇಬಲ್ ಕಡೆ ಮುಖ ಮಾಡಿದವನಿಗೆ ಬೆನ್ನ ಹಿಂದಿನ ಹತ್ತು ಜನ ಕಾಣುವುದಿಲ್ಲ. ಆ ಹತ್ತೂ ಜನ ಜೊತೆಗಾರನ ಜವಾಬ್ದಾರಿ. ನಮ್ಮ ಕಡೆ ಆ ಹೊತ್ತಿಗೆ ಅವರೂ ಟೇಬಲ್ ಕಡೆಯೇ ನೋಡುತ್ತಾರೆ ಇಲ್ಲವೇ ಬಾಲ್ ಹೆಕ್ಕಲು ಬಗ್ಗುತ್ತಾರೆ, ನನಗೆ ಅದು ಸಿಟ್ಟು ತರಿಸುವ ವಿಷಯ. ಇಬ್ಬರು ರೆಫರಿ ಇರುವಾಗ ಬ್ಯಾಸ್ಕೆಟ್ ಕೆಳಗಿರುವ ಲೀಡ್ ಫೌಲ್ ಕೊಟ್ಟು ಫ್ರೀ ಥ್ರೋ ಬಂದರೆ, ರಿಪೋರ್ಟ್ ಮುಗಿಸಿ ಅವನು ಟ್ರೇಲ್, ಅಂದರೆ ಆಟದ ಹಿಂದೆ ನಿಲ್ಲುವ ರೆಫರಿ, ಆಗುತ್ತಾನೆ. ಜೊತೆಗಾರ ಲೀಡ್ ಜಾಗಕ್ಕೆ ಇಳಿಯುತ್ತಾನೆ. ಇಳಿಯುವಾಗಲೂ ಕಣ್ಣು ಆಟಗಾರರ ಮೇಲೇ.

ಪ್ರಶ್ನೆ (ಅದೇ ಆಟಗಾರ): ಟಿವಿಯಲ್ಲಿ ಕೆಲವರು ಆಚೆ ಬದಿಯಿಂದಲೇ ತೋರಿಸಿ ಮುಗಿಸುತ್ತಾರಲ್ಲ?

ಉತ್ತರ (ಹಿರಿಯ ರೆಫರಿ): ಅದು ಮೂವರು ರೆಫರಿ ಇರುವ ಆಟ. ಫ್ರೀ ಥ್ರೋ ಇಲ್ಲದ ಫೌಲಿಗೆ ಅಲ್ಲಿ ಹಾಗೆ ಮಾಡಬಹುದು, ಆಟ ಬೇಗ ಶುರುವಾಗುತ್ತದೆ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಮಹಿಳಾ ಏಷ್ಯಾ ಕಪ್ ನಡೆದಾಗ ನಾನು ಅರ್ಧ ಹೊತ್ತು ಬಾಲ್ ಬಿಟ್ಟು ರೆಫರಿಗಳ ಕಾಲನ್ನೇ ನೋಡುತ್ತಾ ಕೂತಿದ್ದೆ. ಪಕ್ಕದವರು ಏನಂದುಕೊಂಡರೋ! ನೀವು ಇಬ್ಬರೇ ಇರುವಾಗ ಆ ಶೋಕಿ ಬೇಡ.

ಪ್ರಶ್ನೆ (ಅದೇ ಹೊಸಬ): ಥ್ಯಾಂಕ್ಸ್ ಸರ್. ಇವತ್ತಿನಿಂದಲೇ ಕನ್ನಡಿ ಮುಂದೆ ಪ್ರಾಕ್ಟೀಸ್ ಶುರು.

ಉತ್ತರ (ಹಿರಿಯ ರೆಫರಿ): ಕನ್ನಡಿ ಬೇಡ ಮಾರಾಯ್ರೇ! ಅದರಲ್ಲಿ ನಿಮ್ಮ ಎಡಗೈ ಎಡಕ್ಕೇ ಕಾಣುತ್ತದೆ, 21 ಸರಿಯಾಗೇ ಇದೆ ಅನ್ನಿಸುತ್ತದೆ. ಮನೆಯಲ್ಲಿ ಯಾರನ್ನಾದರೂ ಎಂಟು ಹೆಜ್ಜೆ ದೂರ ಕೂರಿಸಿ, ಕೈಗೆ ಪೆನ್ನು ಕೊಟ್ಟು, ನೀವು ತೋರಿಸಿದ್ದನ್ನು ಬರೆಸಿ.